ಅಕ್ಕ ಬಡಿಸಿದ್ದು

ಹೊಟ್ಟೆ ತುಂಬ ತಿನ್ನುತ್ತಿದ್ದೇನೆ ಎಂದು ಅವಳು ಡಾಕ್ಟರಮ್ಮನ ಮುಂದೆ ಆಣೆ ಮಾಡಿ ಹೇಳಿದಳು. ಡಾಕ್ಟರಮ್ಮ ನಂಬಲಿಲ್ಲ. ನಂಬುವುದಾದರೂ ಹೇಗೆ? ಮೊಣಕಾಲ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು, ರಕ್ತದಲ್ಲಿ ಇರಬೇಕಾದ್ದು ಯಾವುದೂ ಇರಬೇಕಾದಷ್ಟಿಲ್ಲ, ಮುಟ್ಟು ನಿಂತು ವರ್ಷ ಕಳೆದಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಮೆತ್ತಗೆ ಕೇಳಿದರು.

“ನೋಡಮ್ಮಾ, ನಾನು ಬಯ್ಯಲ್ಲ. ತಿಂದಿದ್ದನ್ನ ಯಾರಿಗೂ ಗೊತ್ತಾಗದ ಹಾಗೆ ವಾಂತಿ ಮಾಡ್ತೀಯಾ?”

“ಇಲ್ಲ.”

“ಎಸೀತೀಯಾ?”

“ನಮ್ಮಕ್ಕ ಬಡಿಸಿದ್ದನ್ನ ನಾನ್ಯಾಕೆ ಎಸೀಲಿ?”

“ಮತ್ತೆ ಮೈ ಯಾಕಮ್ಮಾ ಬರಗೆಟ್ಟಿದೆ? ಮೈಗೆ ಸುಳ್ಳು ಹೇಳೋಕೆ ಬರಲ್ಲ.”

ಅಂದರೆ ಸುಳ್ಳು ಹೇಳುವುದು ನೀನೇ ಎಂದಾಯಿತು. ಊರುಗೋಲು ಊರಿಕೊಂಡು ಹೊರಗೆ ಬಂದವಳಿಗೆ ಕಾಲಿನ ನೋವಿಗಿಂತ ಆ ಮಾತೇ ಹೆಚ್ಚು ಚುಚ್ಚುತ್ತಿತ್ತು.

ಮೈದಾನದಲ್ಲಿ ಅವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಆ ಹೆಸರಿಟ್ಟವರು ಓಟ ಕಲಿಸುವ ಮೇಷ್ಟ್ರು. ಅವರ ವಿಜ್ಞಾನವೆಲ್ಲ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು: ಹಗುರ ಇದ್ದರೆ ವೇಗ. ಆ ಲೆಕ್ಕದಲ್ಲಿ ಗಾಳಿಪಟಕ್ಕೇ ಪದಕ ಕೊಡಬೇಕಿತ್ತು, ಆದರೆ ಮೇಷ್ಟ್ರಿಗೆ ಎದುರು ಹೇಳುವವರು ಯಾರು? ಬೆಳಗ್ಗೆ ಓಟ ಮುಗಿಸಿ ಗುಬ್ಬಿ ಪಾರ್ಸೆಲ್ ಕಚೇರಿಗೆ ಹೋಗಿ ಗಂಟುಗಳನ್ನು ವಿಂಗಡಿಸುತ್ತಿದ್ದಳು. ಪಕ್ಕದಲ್ಲಿ ಸೀಲು ಹೊಡೆಯುವ ಹೆಂಗಸು ಅವಳ ತೋಳು ಹಿಡಿದು ನೋಡಿ, “ನಿನ್ನ ಹಣೆಗೊಂದು ಸ್ಟಾಂಪ್ ಅಂಟಿಸಿದ್ರೆ ಸಾಕು ಕಣೇ, ಲಕೋಟೆ ದರದಲ್ಲೇ ಹೋಗಿಬಿಡ್ತೀಯ” ಎನ್ನುತ್ತಿದ್ದಳು. ಗುಬ್ಬಿ ಅದನ್ನು ಹೊಗಳಿಕೆ ಎಂದುಕೊಂಡು ನಗುತ್ತಿದ್ದಳು.

ಮನೆಯಲ್ಲಿದ್ದವರು ಇಬ್ಬರೇ, ಅವಳು ಮತ್ತು ಅಕ್ಕ. ಅಮ್ಮ ತೀರಿಕೊಂಡ ಮೇಲೆ ಅಕ್ಕನೇ ಅಮ್ಮ. ಔಷಧಿ ಗೋದಾಮಿನಲ್ಲಿ ಡಬ್ಬ ತುಂಬುವ ಕೆಲಸ ಮುಗಿಸಿ ಬಂದು, ಸೆರಗು ಸಿಕ್ಕಿಸಿ, ಒಲೆ ಹಚ್ಚುತ್ತಿದ್ದಳು. ಒಂದು ಕಾಲದಲ್ಲಿ ಅಕ್ಕನೂ ಇದೇ ಮೇಷ್ಟ್ರ ಕೈಕೆಳಗೆ ಓಡಿದವಳು. ಮೈ ಬಂತು ಎಂದು ಅವರು ಅವಳನ್ನು ತಂಡದಿಂದ ಬಿಟ್ಟಿದ್ದರು. ಆ ಮಾತು ಅಕ್ಕನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ತಂಗಿಯನ್ನು ಅಡುಗೆಮನೆಯ ಹೊಸಿಲು ದಾಟಲು ಬಿಡುತ್ತಿರಲಿಲ್ಲ. “ಓಡೋದು ನಿನ್ನ ಕೆಲಸ, ಒಲೆ ನನ್ನ ಕೆಲಸ” ಎಂದು ಅಟ್ಟಿಬಿಡುತ್ತಿದ್ದಳು. ತಟ್ಟೆ ಮಾತ್ರ ಗೋಪುರದಂತೆ ತುಂಬಿ ಬರುತ್ತಿತ್ತು, ಜೊತೆಗೆ ದೊಡ್ಡ ಲೋಟದ ತುಂಬ ಬಿಸಿ ಹಾಲು. ಅಷ್ಟು ತಿಂದೂ ತಾಸು ಕಳೆಯುವಷ್ಟರಲ್ಲಿ ಹೊಟ್ಟೆ ತಾಳ ಹಾಕುತ್ತಿತ್ತು. ಗುಬ್ಬಿ ಅದನ್ನು ತನ್ನ ಹೊಟ್ಟೆಬಾಕತನ ಎಂದುಕೊಂಡು ನಾಚಿ, ನೀರು ಕುಡಿದು ಮಲಗುತ್ತಿದ್ದಳು.

ಮುಟ್ಟು ನಿಂತಾಗಲೂ ಮೊದಲು ಹೇಳಿದ್ದು ಅಕ್ಕನಿಗೇ. “ಓಡೋರಿಗೆ ಅದೆಲ್ಲ ಹಾಗೇ ಕಣೇ. ತಯಾರಿ ಸರಿಯಾಗಿದೆ ಅಂತ ಲೆಕ್ಕ. ಮೇಷ್ಟ್ರೇ ಹೇಳ್ತಾರೆ” ಎಂದು ಅಕ್ಕ ತಲೆ ಸವರಿದ್ದಳು. ಆ ಕೈಯನ್ನು ನಂಬದೆ ಇನ್ನಾರನ್ನು ನಂಬಬೇಕಿತ್ತು?

ಆಸ್ಪತ್ರೆಯಿಂದ ಬಂದ ದಿನ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಅಕ್ಕನಿಗೆ ಒಪ್ಪಿಸಿದಳು. ಗಟ್ಟಿ ಹಾಲು, ಬಾದಾಮಿ, ಬೆಣ್ಣೆ, ಹೊತ್ತುಹೊತ್ತಿಗೆ ಊಟ. ಮುಟ್ಟು ತಾನಾಗಿ ಮರಳುವ ತನಕ ಓಟದ ಮಾತೇ ಇಲ್ಲ. ಹಟ ಮಾಡಿ ಓಡಿದರೆ ಮೂಳೆ ಪೂರ್ತಿ ಮುರಿದು ಎಂದೆಂದಿಗೂ ಓಡದ ಹಾಗಾಗಬಹುದು. ಅಕ್ಕ ಎಲ್ಲಕ್ಕೂ ಹೂಂಗುಟ್ಟಿದಳು. ವಾರಗಳು ಉರುಳಿದವು. ಮತ್ತೆ ತೂಕ ನೋಡಿದ ಡಾಕ್ಟರಮ್ಮ ಈ ಸಲ ಕನ್ನಡಕವನ್ನೂ ತೆಗೆಯಲಿಲ್ಲ, ನಿಟ್ಟುಸಿರು ಬಿಟ್ಟರು, ಅಷ್ಟೇ.

ಆ ಸಂಜೆ ಅಡುಗೆಮನೆಯಲ್ಲಿ ಮಿಕ್ಸಿ ಗರಗರ ಎನ್ನುತ್ತಿತ್ತು. ಹಸಿವು ತಾಳಲಾರದೆ ಗುಬ್ಬಿ ಎದ್ದು ಹೋದಳು. ಆ ಸದ್ದಿನಲ್ಲಿ ಊರುಗೋಲಿನ ಸಪ್ಪಳ ಅಕ್ಕನಿಗೆ ಕೇಳಿಸಲಿಲ್ಲ. ಅಕ್ಕ ಕಾದ ಹಾಲನ್ನು ಲೋಟದ ಬುಡಕ್ಕಷ್ಟೇ ಬಗ್ಗಿಸಿದಳು. ಮೇಲೆ ನೀರು ಸುರಿದಳು. ತೆಳ್ಳಗೆ ಕಾಣದಿರಲೆಂದು ಚಿಟಿಕೆ ಹಿಟ್ಟು ಕದಡಿದಳು, ಸಕ್ಕರೆಯ ಬದಲು ಒಂದು ಸಿಹಿ ಗುಳಿಗೆ ಹಾಕಿದಳು. ಆಮೇಲೆ ತಟ್ಟೆ. ತಳಕ್ಕೆಲ್ಲ ಬೇಯಿಸಿದ ಎಲೆಕೋಸು ಒತ್ತಿ, ಮೇಲೆ ಹಿಡಿಯಷ್ಟು ಅನ್ನವನ್ನು ಹರಡಿ, ಸೌಟಿನ ಬೆನ್ನಿನಿಂದ ಚೆಂದಕ್ಕೆ ಗೋಪುರ ಮಾಡಿದಳು. ಕೈ ಎಲ್ಲೂ ತಡವರಿಸಲಿಲ್ಲ. ದಿನಾ ಮಾಡುವ ಕೆಲಸಕ್ಕೆ ತಡವರಿಕೆ ಎಲ್ಲಿಂದ ಬರಬೇಕು?

ಮಿಕ್ಸಿ ನಿಂತಿತು. ಅಕ್ಕ ತಿರುಗಿದಳು.

“ಎಷ್ಟು ದಿನದಿಂದ?” ಎಂದಳು ಗುಬ್ಬಿ.

ಅಕ್ಕ ಲೋಟವನ್ನು ಹಿಂದಕ್ಕೆ ಸರಿಸಿದಳು. “ಮೇಷ್ಟ್ರು ಹೇಳಿದ್ರು. ಅವಳಿಗೆ ಹೇಳಿದ್ರೆ ಅಳ್ತಾಳೆ, ಊಟ ನಿನ್ನ ಕೈಲಿದೆ, ನೀನೇ ನೋಡ್ಕೋ ಅಂತ.”

“ಮೂಳೆ ಒಡೆದ ಮೇಲೂನಾ?”

“ಸುಮ್ನೆ ಕೂತಾಗಲೇ ಮೈ ಬರೋದು ಕಣೇ. ಮೈ ಬಂದ್ರೆ ಅವರು ನಿನ್ನನ್ನೂ ಬಿಟ್ಟುಬಿಡ್ತಿದ್ರು. ನನ್ನ ಹಾಗೆ ನೀನೂ ಡಬ್ಬ ತುಂಬಬೇಕಾ?”

“ಡಾಕ್ಟರು ನನ್ನನ್ನ ಸುಳ್ಳಿ ಅಂದ್ಕೊಂಡ್ರು ಅಕ್ಕ. ನಾನು ನಿನ್ನ ಮೇಲೆ ಆಣೆ ಇಟ್ಟಿದ್ದೆ.”

ಮೇಷ್ಟ್ರೊಬ್ಬರೇ ಮೋಸ ಮಾಡಿದ್ದರೆ ಗುಬ್ಬಿ ಬಯ್ದು ಸುಮ್ಮನಾಗುತ್ತಿದ್ದಳು. ಹೊರಗಿನವರ ಮೋಸಕ್ಕೆ ಬಾಗಿಲು ಹಾಕಿಕೊಳ್ಳಬಹುದು. ಅನ್ನ ಹಾಕುವ ಕೈಯೇ ಕಣ್ಣಿಗೆ ಮಣ್ಣೆರಚಿದರೆ ಯಾವ ಬಾಗಿಲು ಹಾಕುವುದು? ಅವಳ ಮೈಯೆಲ್ಲ ಉರಿಯುತ್ತಿತ್ತು. ಹೊಟ್ಟೆ ಮಾತ್ರ ನಾಚಿಕೆಯಿಲ್ಲದೆ ಹಸಿಯುತ್ತಿತ್ತು.

ಮರುದಿನದಿಂದ ಅವಳ ಅಡುಗೆ ಅವಳದೇ. ಊರುಗೋಲನ್ನು ಗೋಡೆಗೆ ಒರಗಿಸಿ, ಒಂಟಿ ಕಾಲಿನಲ್ಲಿ ನಿಂತು, ಅನ್ನ ಸೀಯಿಸಿದಳು, ಮೊಟ್ಟೆ ಕರಿಕು ಮಾಡಿದಳು. ಅದನ್ನೇ ತಿಂದಳು. ಚೇತರಿಕೆ ಎಂದರೆ ಸುಖದ ಸಂಗತಿ ಎಂದು ತಿಳಿದವರು ಅವಳನ್ನು ನೋಡಬೇಕಿತ್ತು. ವರ್ಷಗಳ ಹಸಿವು ಒಮ್ಮೆಲೇ ಬಾಯಿ ತೆರೆದು ನಿಂತಿತ್ತು; ಉಂಡೆದ್ದ ಮರುಕ್ಷಣವೇ ಮತ್ತೆ ಬೇಕು ಅನ್ನಿಸುತ್ತಿತ್ತು. ಹೊಟ್ಟೆ ಉಬ್ಬಿತು, ಸಲ್ವಾರಿನ ಲಾಡಿ ಬಿಗಿಯಾಯಿತು, ಕನ್ನಡಿಯ ಮುಂದೆ ಅಳು ಬಂತು. ಆದರೆ ಸದಾ ತಣ್ಣಗಿರುತ್ತಿದ್ದ ಕೈಗಳು ಬೆಚ್ಚಗಾದವು, ಬಾಚಣಿಗೆಯಲ್ಲಿ ಕೂದಲು ಗೊಂಚಲಾಗಿ ಬರುವುದು ನಿಂತಿತು. ನಂಬಿಕೆಯೊಂದು ಮಾತ್ರ ತುಂಬಿಕೊಳ್ಳಲಿಲ್ಲ. ಕಚೇರಿಯಲ್ಲಿ ಸೀಲಿನ ಹೆಂಗಸು ಚಹಾ ಕೊಟ್ಟರೂ ಗುಬ್ಬಿ ಲೋಟದೊಳಗೆ ಇಣುಕಿ, “ಇದಕ್ಕೆ ಏನು ಬೆರೆಸಿದೀರಾ?” ಎಂದು ಕೇಳಿಬಿಡುತ್ತಿದ್ದಳು. “ವಿಷ” ಎಂದು ಆ ಹೆಂಗಸು ನಕ್ಕಳು. ಗುಬ್ಬಿಗೆ ನಗು ಬರಲಿಲ್ಲ.

ಅತ್ತ ಮೇಷ್ಟ್ರು ಒಮ್ಮೆಯೂ ಹೇಗಿದ್ದೀಯ ಎನ್ನಲಿಲ್ಲ. ಮೈದಾನದಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳನ್ನು ಅವರು ಗುಬ್ಬಿ ಎಂದು ಕರೆಯುತ್ತಿರುವುದು ಕಿವಿಗೆ ಬಿತ್ತು. ಬಿಟ್ಟುಬಿಡುವವರು ಕೊನೆಗೂ ಬಿಟ್ಟೇಬಿಟ್ಟಿದ್ದರು. ಡಾಕ್ಟರಮ್ಮನಿಗೆ ನಿಜ ಹೇಳಲು ಹೋದಳು. “ನಮ್ಮಕ್ಕ” ಎಂಬಲ್ಲಿಗೆ ನಾಲಿಗೆ ಏಳಲಿಲ್ಲ. ಅವರು ಮುಂದಿನದನ್ನು ಕೇಳದೆ ಅರ್ಥ ಮಾಡಿಕೊಂಡು, “ನಿನ್ನನ್ನ ನಂಬಬೇಕಿತ್ತು ಕಣಮ್ಮಾ, ತಪ್ಪಾಯ್ತು” ಎಂದರು. ಆ ಮಾತನ್ನು ಮನೆಯಲ್ಲಿ ಒಬ್ಬರು ಹೇಳಬೇಕಿತ್ತು. ಅಕ್ಕ ಹೇಳಿರಲಿಲ್ಲ. ಒಂದೇ ಸೂರಿನ ಕೆಳಗೆ ಇಬ್ಬರೂ ಬಾಡಿಗೆದಾರರಂತೆ ಓಡಾಡುತ್ತಿದ್ದರು.

ಮೂಳೆ ಕೂಡಿತು, ಊರುಗೋಲು ಮೂಲೆ ಸೇರಿತು. ಒಂದು ಬೆಳಗ್ಗೆ ಕಿಬ್ಬೊಟ್ಟೆಯ ಹಳೆಯ ನೋವಿನೊಂದಿಗೆ ಮುಟ್ಟು ಮರಳಿತು. ಬಚ್ಚಲುಮನೆಯಲ್ಲೇ ಕುಳಿತು ಗುಬ್ಬಿ ನಕ್ಕಳು, ಅತ್ತಳು. ಇಂಥ ಸುದ್ದಿಯನ್ನು ಅವಳು ಹುಟ್ಟಿದಾರಭ್ಯ ಒಬ್ಬರಿಗೇ ಹೇಳಿದ್ದು. ಸಿಟ್ಟನ್ನೂ ಮರೆತು ಕಾಲುಗಳು ಅತ್ತಲೇ ನಡೆದವು.

ಅಕ್ಕ ಗೋದಾಮಿನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು.

“ಬಂತು” ಎಂದಳು ಗುಬ್ಬಿ.

ಅಕ್ಕ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟಳು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಬಿಕ್ಕಿದಳು. ಆ ಗಳಿಗೆಯಲ್ಲಿ ಅಕ್ಕ ನೋವಿದೆಯಾ ಎಂದೊಂದು ಮಾತು ಕೇಳಿದ್ದರೂ ಸಾಕಿತ್ತು, ಗುಬ್ಬಿ ಎಲ್ಲ ಮರೆತು ಆ ಮಡಿಲಿಗೆ ಬೀಳುತ್ತಿದ್ದಳು.

ಅಕ್ಕ ಕಣ್ಣೊರೆಸಿಕೊಂಡಳು. ಮುಖ ಅರಳಿತು.

“ಹಾಗಾದ್ರೆ ಇನ್ನು ಓಡಬಹುದಲ್ವೇನೇ? ಮೇಷ್ಟ್ರಿಗೆ ಹೇಳಿಬಿಡ್ಲಾ?”

ಗುಬ್ಬಿ ಬಾಗಿಲ ಕಡೆ ತಿರುಗಿದಳು.

“ಓಡ್ತೀನಿ ಅಕ್ಕ” ಎಂದಳು. “ಎಲ್ಲಿ ಓಡ್ತೀನಿ ಅಂತ ಮಾತ್ರ ನಿಂಗೆ ಹೇಳಲ್ಲ.”