ಬೆಂಕಿಗೆ ಹಿಡಿದ ಮೃದಂಗ

ಹೋದ ಭಾನುವಾರ ನನ್ನ ಮೃದಂಗವನ್ನು ನಾನೇ ಸುಟ್ಟುಕೊಂಡೆ.

ಪೂರ್ತಿ ಅಲ್ಲ, ಬಲಬದಿಯ ಚರ್ಮ ಮಾತ್ರ. ಆದರೆ ಅದು ಹೋದ ಮೇಲೆ ಉಳಿಯುವುದೇನು? ಮರ.

ಕಾರಣ ಬೋರ. ಹಾನುಬಾಳಿನಾಚೆ ನಾನು ಲೆಕ್ಕ ಬರೆಯುವ ರೈಟರಾಗಿರುವ ಎಸ್ಟೇಟಿನಲ್ಲಿ ನೆರಳಿನ ಮರಗಳ ಕೊಂಬೆ ಕಡಿಯುವ ಆಳು. ಕಾಫಿ ಕೊಯ್ಲು ಮುಗಿದ ದಿನ ಲೈನುಮನೆಗಳ ಆಳುಗಳೆಲ್ಲ ಕಣದಲ್ಲಿ ಸೇರಿ ತಮಟೆ ಬಾರಿಸುವುದು ನಮ್ಮಲ್ಲಿ ವಾಡಿಕೆ. ಶನಿವಾರ ಮಧ್ಯಾಹ್ನ ಬೋರ ಒಂದಿಷ್ಟು ತರಗೆಲೆಗೆ ಬೆಂಕಿ ಕೊಟ್ಟ. ತಮಟೆಯನ್ನು ಅದರ ಮೇಲೆ ರೊಟ್ಟಿಯಂತೆ ತಿರುಗಿಸಿ ಕಾಯಿಸಿದ. ಆಮೇಲೆ ಶುರು. ನಾಲ್ಕೇ ಏಟು. ಮತ್ತೆ ಅದೇ ನಾಲ್ಕು.

ನನ್ನ ಹೆಂಡತಿ ಸ್ಟೋರಿನ ಮೆಟ್ಟಿಲ ಮೇಲೆ ನಿಂತಿದ್ದಳು. (ಕೂತಿದ್ದೆ ಎನ್ನುತ್ತಾಳೆ ಅವಳು. ನನ್ನ ನೆನಪನ್ನು ನೀವೂ ಪೂರ್ತಿ ನಂಬಬೇಡಿ. ನಾನು ನೋಡುತ್ತಿದ್ದದ್ದು ಪಾದವನ್ನು.) ಕಾಲುಂಗುರ ಕಲ್ಲಿಗೆ ತಾಗಿ ಟಿಕ್, ಟಿಕ್.

ಹನ್ನೊಂದು ವರ್ಷದಿಂದ ಆ ಕಾಲಿನೆದುರು ಮೃದಂಗ ಬಾರಿಸುತ್ತಿದ್ದೇನೆ. ಆದಿ, ರೂಪಕ, ಖಂಡಚಾಪು. ಅವಳು ಅವರೆಕಾಯಿ ಸುಲಿಯುತ್ತಾಳೆ. ಒಂದು ದಿನವಾದರೂ ಆ ಕಾಲು ಅಲುಗಿದೆಯೇ?

"ಇದು ಯಾವ ತಾಳವೋ?" ಬೋರನನ್ನು ಕೇಳಿದೆ.

"ಹೆಸ್ರು ಯಾಕ್ ಬೇಕು ರೈಟ್ರೇ? ಬಡಿದ್ರೆ ಬತ್ತದೆ."

ಮನೆಗೆ ಬಂದು ಹೆಂಡತಿಗೆ, "ಬೋರ ಬಾರಿಸಿದ್ದು ಪರವಾಗಿಲ್ಲ, ಅಲ್ವಾ?" ಎಂದೆ. ಅಷ್ಟೇನಿಲ್ಲ ಎನ್ನಲಿ ಎಂಬ ಆಸೆ.

"ಹೊಟ್ಟೆಯೊಳಗೇ ಬಾರಿಸಿದ ಹಾಗಿತ್ತು ಕಣ್ರೀ."

ಹೊಟ್ಟೆ! ನನ್ನ ಮೃದಂಗ ಇನ್ನೂ ಅವಳ ಕಿವಿಯನ್ನೇ ದಾಟಿಲ್ಲ.

ರಾತ್ರಿಯೆಲ್ಲ ಹೊಟ್ಟೆ ಉರಿಯಿತು (ನನ್ನದು). ಬೆಳಿಗ್ಗೆ ಹೊಳೆಯಿತು: ವಿದ್ಯೆಯಲ್ಲಿ ಅವನು ಹೆಚ್ಚಲ್ಲ, ಗುಟ್ಟೆಲ್ಲ ಆ ಬೆಂಕಿಯದು. ಈ ಊರಿನ ಶೀತಕ್ಕೆ ನನ್ನ ಚರ್ಮ ಸಡಿಲಾಗಿದೆ (ಮೃದಂಗದ್ದು). ಅಂಗಳದಲ್ಲಿ ತರಗೆಲೆ ಹೊತ್ತಿಸಿ ಬಲಬದಿಯನ್ನು ಹಿಡಿದೆ. ನಡುವಿನ ಕಪ್ಪು ಕರಣೆ ಬಿರಿದು ಉದುರಿತು. ಚರ್ಮ ಮುದುಡಿ ಹರಿಯಿತು.

ಹೊಗೆ ಕಂಡು ಬೋರ ಬಂದ. "ಇದುನ್ನ ಯಾಕ್ ಕಾಯ್ಸಕ್ ಹೋದ್ರಿ ಮಾರಾಯ್ರೆ?"

"ಮೃದಂಗದ ವಿಷಯ ನಿನಗೇನು ಗೊತ್ತು?"

"ನಂಗೇನ್ ಗೊತ್ತಿಲ್ಲ. ಸುಟ್ಟೋಗ್ಬುಟ್ಟೈತೆ, ಅದ್ ಕಾಣ್ತೈತೆ."

ಹೆಂಡತಿ ಬಾಗಿಲಲ್ಲಿ ನಿಂತು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಪಾಪ ಅನ್ನಿಸಿತೋ ಏನೋ, ಬೋರ ಲೈನಿಗೆ ಹೋಗಿ ತನ್ನ ತಮಟೆ ತಂದ. "ರಿಪೇರಿ ಆಗೋಗಂಟ ಇದ್ನೇ ಬಡೀರಿ." ಹೆಂಡತಿಯೂ "ನೋಡೋಣ, ಬಾರಿಸಿ" ಎಂದು ಜಗಲಿಯ ಮೇಲೆ ಕೂತಳು.

ಬೆರಳು ಸುಟ್ಟಿದೆ ಎಂದು ಸುಳ್ಳು ಹೇಳಿ ತಮಟೆಯನ್ನು ಹಿಂದಕ್ಕೆ ಕೊಟ್ಟುಬಿಟ್ಟೆ. ಅದೇ ತಮಟೆ, ಅದೇ ನಾಲ್ಕು ಏಟು. ನನ್ನ ಕೈಯಲ್ಲಿ ಬಂದಾಗಲೂ ಆ ಕಾಲು ಸುಮ್ಮನಿದ್ದುಬಿಟ್ಟರೆ?