ಅಳಿಯ ಬಂದ ನೆಪಕ್ಕೆ

ನನ್ನ ಭಾವ ಜೀ ಮಾವ್‌ಶೆಂಗ್ ದೊಡ್ಡ ಗಂಟಲಿನ ಮನುಷ್ಯರು. ಯಾಂಗ್ಟ್ಸಿ ನದಿಯಲ್ಲಿ ಈ ದಡದಿಂದ ಆ ದಡಕ್ಕೆ ಜನ, ಸೈಕಲ್ಲು, ಹಂದಿಮರಿ ಸಾಗಿಸುವ ಲಾಂಚು ನಡೆಸುವುದರಲ್ಲೇ ಅವರ ಆಯುಷ್ಯ ಕಳೆದಿತ್ತು. ಇಂಜಿನ್ನಿನ ಸದ್ದನ್ನು ಮೀರಿ ಕೂಗಿ ಕೂಗಿ ರೂಢಿಯಾಗಿ, ಊಟಕ್ಕೆ ಕೂತು ಉಪ್ಪು ಕೇಳಿದರೂ ಬೀದಿಗೆ ಕೇಳಿಸುತ್ತಿತ್ತು. ಸೇತುವೆ ಬಂತು, ಲಾಂಚು ನಿಂತಿತು, ಭಾವ ನಿವೃತ್ತರಾದರು. ಗಂಟಲು ಮಾತ್ರ ಹಾಗೇ ಉಳಿಯಿತು. ಅವರ ಮನೆಯ ಕೆಳಗಿನ ಮಹಡಿಯಲ್ಲಿರುವ ನನಗೆ ಅವರ ಮನೆಯ ಯಾವ ಸುದ್ದಿಯನ್ನೂ ಯಾರೂ ಬಂದು ಹೇಳಬೇಕಾಗಿರಲಿಲ್ಲ.

ಅಕ್ಕ ಪೇಯ್‌ಹುವಾ ನೂಲಿನ ಗಿರಣಿಯಲ್ಲಿ ದುಡಿದವಳು. ಭಾವನಿಗೆ ರಕ್ತದೊತ್ತಡ ವಿಪರೀತವಿದೆ, ಇನ್ನು ಒಂದು ತೊಟ್ಟೂ ಕುಡಿಯಕೂಡದು ಎಂದು ಡಾಕ್ಟರು ಹೇಳಿದ ದಿನವೇ ಅವಳು ಮನೆಯ ಬಾಟಲಿಗಳನ್ನೆಲ್ಲ ಹಂಚಿಬಿಟ್ಟಳು. ಮಗಳ ಮದುವೆಗೆಂದು ಇಟ್ಟ ಒಂದನ್ನು ಮಾತ್ರ ಅಕ್ಕಿಯ ಡಬ್ಬದೊಳಗೆ ಹೂತಳು.

ಆ ಮಗಳು ವಾನ್‌ಚ್ಯು ಓದಲೆಂದು ವೇಲ್ಸ್ ದೇಶಕ್ಕೆ ಹೋಗಿದ್ದಾಗ ಎಮ್ರಿಸ್ ಎಂಬ ಶಾಲಾ ಮೇಷ್ಟ್ರನ್ನು ಮೆಚ್ಚಿಕೊಂಡಳು. ಅವಳು ಮರಳಿ, ನಮ್ಮೂರಿನಿಂದ ರೈಲಿನಲ್ಲಿ ಹೋಗಬೇಕಾದ ವುಹಾನಿನಲ್ಲಿ ಕೆಲಸಕ್ಕೆ ಸೇರಿದಾಗ ಅವನೂ ಊರು ಬಿಟ್ಟು ಹಿಂದೆಯೇ ಬಂದ. ಅಲ್ಲಿನ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠಕ್ಕೆ ಸೇರಿದ. ಬಾಡಿಗೆ ಕೋಣೆಗೆ ಇನ್ನೂ ಮಂಚ ಬಂದಿರಲಿಲ್ಲ, ಬ್ಯಾಂಕಿನವರು ಅವನ ಹೆಸರನ್ನು ಹೇಗೆ ಬರೆದುಕೊಳ್ಳುವುದೆಂದು ತಲೆ ಕೆರೆದುಕೊಳ್ಳುತ್ತಿದ್ದರು. ಅಷ್ಟರಲ್ಲೇ ಶರದೃತುವಿನ ಹುಣ್ಣಿಮೆ ಹಬ್ಬ ಬಂತು. ವಾನ್‌ಚ್ಯು ಅವನನ್ನು ಮನೆಗೆ ಕರೆತರುವುದಾಗಿ ಫೋನು ಮಾಡಿದಳು.

ಅಕ್ಕ ಕಿಟಕಿಯ ಪರದೆಗಳನ್ನೂ ಬಿಡದೆ ಒಗೆದಳು. ಆಮೇಲೆ ಅಕ್ಕಿಯ ಡಬ್ಬಕ್ಕೆ ಕೈ ಹಾಕಿದಳು. ಬೇಡ ಎಂದೆ.

"ಮಗಳ ಕೈ ಹಿಡಿಯೋನು ಮೊದಲ್ನೇ ಸಲ ಬರ್ತಿದ್ದಾನೆ. ಬರೀ ಚಹಾ ಕೊಟ್ಟು ಕಳಿಸಿದ್ರೆ ಅವರ ದೇಶದಲ್ಲಿ ಏನಂತಾರೆ?" ಎಂದಳು. ಭಾವನಿಗೆ ಒಂದೇ ಬಟ್ಟಲು ಎಂದು ಕರಾರು ಮಾಡಿಸಿಕೊಂಡಳು. ಭಾವ ಬಹಳ ವಿಧೇಯರಾಗಿ ತಲೆಯಾಡಿಸಿದರು.

ಅತ್ತ ರೈಲಿನಲ್ಲಿ ವಾನ್‌ಚ್ಯು ಎಮ್ರಿಸ್‌ಗೆ ಪಾಠ ಹೇಳಿಕೊಡುತ್ತ ಬಂದಿದ್ದಳು. ಹಿರಿಯರು ಬಟ್ಟಲು ಎತ್ತಿದರೆ ನೀನೂ ಎದ್ದು ನಿಲ್ಲಬೇಕು, ನಿನ್ನ ಬಟ್ಟಲು ಅವರದಕ್ಕಿಂತ ಕೆಳಗಿರಬೇಕು, ಅವರ ಬಟ್ಟಲು ಖಾಲಿಯಾದರೆ ತುಂಬಬೇಕು, ಬೇಡ ಅನ್ನಬಾರದು. ಅಪ್ಪನ ರಕ್ತದೊತ್ತಡದ ವಿಷಯ ಮಾತ್ರ ಹೇಳಲಿಲ್ಲ. ಹೇಳಿದರೆ ಇವನು ಕುಡಿಯಲು ಹಿಂಜರಿಯುತ್ತಾನೆ, ಅಪ್ಪನಿಗೆ ಮುಖಭಂಗವಾಗುತ್ತದೆ, ಹೇಗೂ ಅಮ್ಮ ಕಾವಲಿದ್ದಾಳೆ ಎಂದುಕೊಂಡಳಂತೆ.

ಎಮ್ರಿಸ್ ಎತ್ತರದ ಆಳು, ಕೆಂಪು ಗಡ್ಡ. ಒಳಗೆ ಬರುವಾಗಲೇ ಬಾಗಿಲಿಗೆ ಹಣೆ ಬಡಿಸಿಕೊಂಡ. ಮಧ್ಯಾಹ್ನದ ಊಟಕ್ಕೆ ತಾವರೆ ಗಡ್ಡೆ ಹಾಕಿದ ಎಲುಬಿನ ಸಾರು, ಹಬೆಯಲ್ಲಿ ಬೇಯಿಸಿದ ಮೀನಿನ ಕಡುಬು, ಏಡಿ. ಭಾವ ಬಟ್ಟಲು ಎತ್ತಿದರು, ಅವನು ಎದ್ದು ನಿಂತು ಕುಡಿದ. ಭಾವನ ಬಟ್ಟಲು ಬರಿದಾಗಿತ್ತು, ಅವನು ತುಂಬಿದ. ತುಂಬಿಸಿಕೊಂಡ ಮೇಲೆ ಭಾವ ಮತ್ತೆ ಎತ್ತಬೇಕಾಯಿತು. ಒಂದೊಂದು ಗುಟುಕೂ ಕೆಂಡ ನುಂಗಿದ ಹಾಗಾಗುತ್ತಿತ್ತು, ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿದ್ದೆ ಎಂದು ಎಮ್ರಿಸ್ ಆಮೇಲೆ ನನ್ನ ಹತ್ತಿರ ಹೇಳಿದ. ಆದರೆ ನಿಲ್ಲಿಸಿದರೆ ಅವಮಾನವೆಂದು ಅವನು ನಿಲ್ಲಿಸಲಿಲ್ಲ. ಅಕ್ಕ ಮೇಜಿನ ಕೆಳಗೆ ಭಾವನ ತೊಡೆ ಚಿವುಟುತ್ತಲೇ ಇದ್ದಳು. ಹೊಸ ಅಳಿಯನ ಎದುರು ಬಾಯಿ ಬಿಟ್ಟು ಏನು ಹೇಳುವುದು?

ಕೊನೆಗೆ ಭಾವ ಏನೋ ನಾಲ್ಕು ಮಾತು ಆಡಬೇಕೆಂದು ಎದ್ದರು. "ನಮ್ಮ ನದಿ" ಎಂದು ಶುರು ಮಾಡಿದವರ ನಾಲಿಗೆ ಅಲ್ಲೇ ಹೊರಳಿತು. ಅದೇ ಮಾತನ್ನು ಎಳೆದೆಳೆದು ಮತ್ತೆ ಹೇಳಿದರು. ಬಾಯಿ ಒಂದು ಕಡೆಗೆ ವಾಲಿತು. ಕುಡಿದದ್ದು ಹೆಚ್ಚಾಗಿ ತಮಾಷೆ ಮಾಡುತ್ತಿದ್ದಾರೆಂದು ತಿಳಿದ ಎಮ್ರಿಸ್ ಜೋರಾಗಿ ನಕ್ಕ. ಅವನು ನಗುತ್ತಿದ್ದ ಹಾಗೆಯೇ ಭಾವ ಕುರ್ಚಿಯ ಜೊತೆಗೆ ಉರುಳಿದರು.

ಆಸ್ಪತ್ರೆಯಲ್ಲಿ, ಎಷ್ಟು ಕುಡಿದಿದ್ದರು ಎಂದು ಡಾಕ್ಟರು ಕೇಳಿದರು. ಎಮ್ರಿಸ್‌ಗೆ ಅಷ್ಟು ಮಾತು ಅರ್ಥವಾಯಿತು. ವಾನ್‌ಚ್ಯುವನ್ನು ಪಕ್ಕಕ್ಕೆ ಕರೆದು ಕೇಳಿದ, ಅವಳು ರಕ್ತದೊತ್ತಡದ ವಿಷಯ ಹೇಳಿದಳು. ಹೋಗಿ ಮೂಲೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತವನು ನಾನು ನೀರು ಕೊಟ್ಟರೂ ಮುಖ ಎತ್ತಲಿಲ್ಲ. ಇನ್ನೊಂದು ತುದಿಯಲ್ಲಿ ಅಕ್ಕ, ಈ ಕೈಯಾರೆ ಬಾಟಲಿ ತೆಗೆದೆನಲ್ಲ ಎಂದು ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದಳು. ಮಧ್ಯದಲ್ಲಿ ವಾನ್‌ಚ್ಯು, ಒಂದು ಮಾತು ಮೊದಲೇ ಹೇಳಿದ್ದರೆ ಎಂದು ಅಳುತ್ತಿದ್ದಳು. ಮೂವರೂ ಆಮೇಲೆ ನನ್ನೊಬ್ಬಳ ಹತ್ತಿರ ತೋಡಿಕೊಂಡರೇ ಹೊರತು ಪರಸ್ಪರ ಮಾತಾಡಲಿಲ್ಲ.

ಭಾವ ಬದುಕಿಕೊಂಡರು. ಬಲಗೈ ಸೋತಿತು. ಆ ಗಂಟಲು ಹೋಗಿ, ಗೊಣಗಾಟದಂಥದ್ದೇನೋ ಉಳಿಯಿತು.

ಎಮ್ರಿಸ್ ಕೆಲಸ ಬಿಟ್ಟು ತನ್ನ ದೇಶಕ್ಕೇ ಹೊರಟಿದ್ದ. ನಿಮ್ಮಪ್ಪನ ಎದುರು ನಿಲ್ಲಲು ನನಗೆ ಮುಖವಿಲ್ಲ ಎಂದನಂತೆ.

"ಮುಖ ಇಲ್ದಿದ್ರೆ ಬೇಡ ಬಿಡು," ಎಂದಳಂತೆ ವಾನ್‌ಚ್ಯು. "ಕೈಕಾಲು ಇದೆಯಲ್ಲ. ಅವರನ್ನ ಹಿಡ್ಕೊಂಡು ನಡೆಸೋಕೆ ಒಬ್ರು ಬೇಕು."

ಹಾಗೆ ಪ್ರತಿ ಶನಿವಾರ ಅವನು ರೈಲು ಹತ್ತಿ ಬರತೊಡಗಿದ. ಭಾವನ ಸೊಂಟಕ್ಕೆ ತೋಳು ಕೊಟ್ಟು ನದಿಯ ಏರಿಯ ಮೇಲೆ ನಡೆಸುತ್ತಿದ್ದ. ಒಬ್ಬನಿಗೆ ನಮ್ಮ ಮಾತು ಇನ್ನೂ ಬಂದಿಲ್ಲ, ಇನ್ನೊಬ್ಬರಿಗೆ ಬಂದದ್ದು ಹೋಗಿದೆ. ರಾಗ ತಪ್ಪಿದರೆ ಅರ್ಥವೇ ತಪ್ಪುವ ನಮ್ಮ ಚೀನೀ ಮಾತಿನಲ್ಲಿ ಅವನು 'ದೋಣಿ' ಎಂದು ತಪ್ಪು ರಾಗದಲ್ಲಿ ಹೇಳಿದರೆ ಭಾವನಿಗೆ ತಡೆಯಲಾಗುತ್ತಿರಲಿಲ್ಲ. ಜೊಲ್ಲು ಸುರಿಸಿಕೊಂಡಾದರೂ ತಿದ್ದುತ್ತಿದ್ದರು. ಮೀನು ಮಾರುವ ಹೆಂಗಸರು ಬಿಡುತ್ತಾರೆಯೇ? "ಮೇಷ್ಟ್ರೇ, ನಿಮ್ಮಿಬ್ರಲ್ಲಿ ಪಾಠ ಹೇಳೋರು ಯಾರು, ಕೇಳೋರು ಯಾರು?" ಎಂದು ಛೇಡಿಸುತ್ತಿದ್ದರು. ಎಮ್ರಿಸ್ ನಗುತ್ತಿರಲಿಲ್ಲ. ಆ ಮಧ್ಯಾಹ್ನ ನಕ್ಕದ್ದೇ ಅವನ ಕಿವಿಯಲ್ಲಿ ಇನ್ನೂ ಇತ್ತು.

ಅಕ್ಕನದು ಬೇರೆ ಕಥೆ. ಚಪ್ಪಲಿ ಬಿಡಲು ಮರೆತರೂ ಭಾವನ ಜನ್ಮ ಜಾಲಾಡುತ್ತಿದ್ದವಳು ಈಗ ತುಟಿ ಬಿಚ್ಚಳು. ಸಂಜೆ ಚೌಕದಲ್ಲಿ ಗೆಳತಿಯರ ಜೊತೆ ಕುಣಿಯಲು ಹೋಗುವುದನ್ನು ಬಿಟ್ಟಳು. ಗಂಜಿ ಊದಿ ಊದಿ ಚಮಚದಲ್ಲಿ ಉಣಿಸುತ್ತಿದ್ದಳು. ಭಾವ ರೇಗಿದರೆ ತಲೆ ಬಗ್ಗಿಸಿ ಕೇಳಿಸಿಕೊಳ್ಳುತ್ತಿದ್ದಳು. ನೋಡುನೋಡುತ್ತ ಅವಳೇ ಕಾಯಿಲೆಯವಳ ಹಾಗಾದಳು.

ಚಳಿ ಶುರುವಾದಾಗ ಒಂದು ದಿನ, ಹಳೆಯ ಲಾಂಚು ನಿಲ್ಲುತ್ತಿದ್ದ ಕಟ್ಟೆಯ ಮೇಲೆ, ಎಮ್ರಿಸ್ ವಾರವೆಲ್ಲ ಉರು ಹೊಡೆದಿದ್ದ ಮಾತನ್ನು ಹೇಳಿದ.

"ಮಾವ, ತಪ್ಪು ನಂದು. ನಿಮ್ಮ ಬಟ್ಟಲು ತುಂಬಿದ್ದು ನಾನು."

ಭಾವ ಸೊಟ್ಟ ಬಾಯಲ್ಲಿ ನಕ್ಕರು. "ನೀನಾ? ನೀನು ಬರೀ ನೆಪ ಕಣೋ."

ಆಮೇಲೆ ತಡೆತಡೆದು ಎಲ್ಲ ಹೇಳಿದರು. ಡಾಕ್ಟರು ಬೇಡವೆಂದ ಮೇಲೂ ಕುಡಿಯುವುದು ನಿಂತಿರಲಿಲ್ಲ. ಪಾನ್ ಎಂಬ ಕ್ಷೌರಿಕನ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಧ್ಯಾಹ್ನದ ಇಸ್ಪೀಟು ಆಟದ ಜೊತೆ ಅದೂ ನಡೆಯುತ್ತಿತ್ತು. ಹಬ್ಬದ ದಿನ ಬೆಳಿಗ್ಗೆ, ಅಳಿಯ ಬರುವ ಮೊದಲೇ, ಅಲ್ಲಿ ಹೋಗಿ ಬಂದಿದ್ದರು. "ಯಾರ ಹತ್ರಾನೂ ಬಾಯಿ ಬಿಡ್ಬೇಡ. ಅವಳ ಹತ್ರ ಅಂತೂ ಬೇಡವೇ ಬೇಡ," ಎಂದರು.

ಎಮ್ರಿಸ್‌ಗೆ ಎದೆ ಹಗುರವಾಯಿತಂತೆ. ಆದರೆ ಮನೆಗೆ ಬಂದು ನೋಡಿದರೆ ಅಕ್ಕ ಗಂಜಿ ಊದುತ್ತಿದ್ದಾಳೆ. ಹಗುರವಾದದ್ದಕ್ಕೇ ಅವನಿಗೆ ನಾಚಿಕೆಯಾಯಿತು. ತನ್ನ ಭಾರ ಇಳಿಯಿತು, ಅವಳದು ಇಳಿಸುವ ಮಾತು ತನ್ನ ಬಾಯಲ್ಲೇ ಇದೆ, ಆದರೂ ಸುಮ್ಮನಿದ್ದೇನೆ ಎನಿಸಿತು ಅವನಿಗೆ. ಮುಂದಿನ ಶನಿವಾರ ಅವನಿಗೆ ಅನ್ನ ಇಳಿಯಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಅಡುಗೆ ರುಚಿಸಲಿಲ್ಲವೇನೋ ಎಂದು ಅಕ್ಕ ಅದಕ್ಕೂ ತನ್ನನ್ನೇ ಬೈದುಕೊಂಡಳು.

ಅಂದು ಏರಿಯ ಮೇಲೆ ಅವನು ಭಾವನನ್ನು ಹಿಡಿದು ನಿಲ್ಲಿಸಿದ. "ಮಾವ, ನೀವು ಹೇಳ್ತೀರೋ, ನಾನೇ ಹೇಳ್ಲೋ? ನಾನು ಹೇಳಿದ್ರೆ, ನನ್ನ ಚೀನೀ ಮಾತಲ್ಲಿ ಅತ್ತೆಗೆ ಏನೇನು ಅರ್ಥ ಆಗುತ್ತೋ ನಂಗೊತ್ತಿಲ್ಲ."

ಭಾವ ಹೆದರಿದರು. ಮನೆಗೆ ಬಂದು, ಊಟದ ಮೇಜಿನಲ್ಲಿ, ನಾನೂ ಇದ್ದಾಗಲೇ ಹೇಳಿಬಿಟ್ಟರು. ಅಕ್ಕನ ಚಮಚ ಅರ್ಧದಲ್ಲಿ ನಿಂತಿತು.

"ದಿನಾನಾ?" ಎಂದಳು.

"ಸೋಮವಾರ ಬಿಟ್ಟು."

"ಸೋಮವಾರ ಯಾಕೆ ಬಿಟ್ಟೆ?"

"ಪಾನ್‌ನ ಕ್ಷೌರದಂಗಡಿಗೆ ರಜ."

ಅಕ್ಕ ಕೂಗಾಡಲಿಲ್ಲ. ಗಂಜಿಯ ಬಟ್ಟಲನ್ನು ಭಾವನ ಸೋತ ಬಲಗೈಯ ಮುಂದೆ ಸರಿಸಿದಳು. "ಇವತ್ತಿಂದ ನೀನೇ ತಿನ್ನು." ಆಮೇಲೆ, ಇದನ್ನು ಕೇಳಿಯೂ ಬೆಚ್ಚದೆ ಕೂತಿದ್ದ ಎಮ್ರಿಸ್ ಕಡೆ ತಿರುಗಿದಳು. "ನಿಂಗೆ ಯಾವಾಗ ಗೊತ್ತಾಯ್ತು?"

ಅವನು ನಿಜವನ್ನೇ ಹೇಳಿದ.

"ಅಷ್ಟು ದಿನದಿಂದ ನನ್ನ ಕೈಯಡುಗೆ ಮುಂದಿಟ್ಕೊಂಡು, ನನ್ನ ಮುಖ ನೋಡ್ಕೊಂಡು, ಸುಮ್ನೆ ಕೂತಿದ್ದೆಯಲ್ಲಪ್ಪ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳುವ ಸದ್ದು ಕೇಳಿಸಿತು. ಹಬ್ಬದ ದಿನದಿಂದ ಅವಳು ಅತ್ತದ್ದು ಅದೇ ಮೊದಲು.

ಮಾರನೆಯ ದಿನ ಪಾನ್‌ನ ಅಂಗಡಿಯ ಬಾಗಿಲಲ್ಲಿ ನಿಂತು, ಗಿರಾಕಿಗಳು ಅರ್ಧ ಕ್ಷೌರದಲ್ಲೇ ಎದ್ದು ಹೋಗುವ ಹಾಗೆ ಮಾತಾಡಿ ಬಂದಳು. ವಾರ ಕಳೆಯುವುದರೊಳಗೆ ಚೌಕದ ಕುಣಿತಕ್ಕೂ ಹೊರಟಳು. ಭಾವ ಮೇಜಿನ ಮೇಲೆಲ್ಲ ಚೆಲ್ಲಿಕೊಂಡು, ಬೈಸಿಕೊಂಡು, ಬಲಗೈಯಲ್ಲಿ ತಿನ್ನುವುದನ್ನು ಕಲಿತರು. ವಸಂತದಲ್ಲಿ ಮದುವೆಯಾಯಿತು. ಎಲ್ಲರ ಬಟ್ಟಲಲ್ಲೂ ಚಹಾ ಇತ್ತು.

ಈಗ ಭಾವ ಕೋಲೂರಿಕೊಂಡು ತಾವೇ ನಡೆಯುತ್ತಾರೆ. ಆದರೂ ಎಮ್ರಿಸ್ ಶನಿವಾರ ತಪ್ಪಿಸುವುದಿಲ್ಲ. ಇನ್ನೂ ಯಾಕಪ್ಪ ಅಷ್ಟು ದೂರದಿಂದ ಒದ್ದಾಡುತ್ತೀಯಾ ಎಂದು ಒಮ್ಮೆ ಕೇಳಿದೆ. ಕ್ಷಮಿಸಿದ್ದೇನೆಂದು ಅತ್ತೆ ನನಗೆ ಇನ್ನೂ ಹೇಳಿಲ್ಲವಲ್ಲ ಚಿಕ್ಕಮ್ಮ ಎಂದ. ನಮ್ಮ ಅಕ್ಕ ಅಂಥ ಮಾತು ಹೇಳುವವಳಲ್ಲ ಎಂದು ಅವನಿಗೆ ಹೇಗೆ ತಿಳಿಸಲಿ? ರೈಲು ಸ್ವಲ್ಪ ತಡವಾದರೂ ಸಾಕು, ಕೆಳಗಿಳಿದು ಬಂದು ನನ್ನ ಬಾಗಿಲು ತಟ್ಟಿ, ಫೋನು ಮಾಡಿ ಎಲ್ಲಿದ್ದಾನೆ ಕೇಳು ಎಂದು ಪೀಡಿಸುವವಳು ಅವಳೇ.