ಮಾವನವರ ಗಾಡಿ, ನನ್ನ ಕಾಲ್ಗುಣ

ನಾನು ಮದುವೆಯಾಗಿ ಹಳದೀಪುರದ ಮನೆಗೆ ಕಾಲಿಟ್ಟ ವಾರದಲ್ಲೇ ಮಾವ ಭಟ್ಕಳದಿಂದ ಒಂದು ಹಳೆಯ ಡೀಸೆಲ್ ಮಿನಿ ಲಾರಿ ಕೊಂಡು ತಂದರು. ನನ್ನ ತವರೂ ಭಟ್ಕಳವೇ. ಒಂದೇ ಊರಿನಿಂದ ಒಂದೇ ವಾರದಲ್ಲಿ ಒಂದೇ ಅಂಗಳಕ್ಕೆ ಬಂದವರು ಎಂದು ಆ ಮನೆಯವರು ನಮ್ಮಿಬ್ಬರ ಜಾತಕವನ್ನು ಒಟ್ಟಿಗೇ ಓದತೊಡಗಿದರು. ವ್ಯತ್ಯಾಸ ಇಷ್ಟೇ, ಗಾಡಿಯನ್ನು ತರುವ ಮುಂಚೆ ಶಿರಾಲಿಯವರೆಗೆ ಓಡಿಸಿ ನೋಡಿದ್ದರು. ನನ್ನನ್ನು ನೋಡಲು ಬಂದವರು ಅವಲಕ್ಕಿ ತಿಂದು, ಚಾ ಕುಡಿದು, ಚಲೋ ಹುಡುಗಿ ಎಂದು ಎದ್ದು ಹೋಗಿದ್ದರು.

ಮೊದಮೊದಲು ನನ್ನ ಕಾಲ್ಗುಣ ಬಹಳ ಒಳ್ಳೆಯದಿತ್ತು. "ಸೊಸೆ ಬಂದ್ಳು, ಹಿಂದೇ ಗಾಡಿ ಬಂತು" ಎಂದು ಅತ್ತೆ ಬೇಲಿಯಾಚೆಯ ಮನೆಗಳಿಗೆಲ್ಲ ಹೇಳಿದ್ದರು. ನನ್ನ ಗಂಡ ಬೆಳಗ್ಗೆ ಎದ್ದು ತೆಂಗಿನಕಾಯಿ, ತರಕಾರಿ ಹೇರಿಕೊಂಡು ಕುಮಟೆಗೆ ಹೋಗುತ್ತಿದ್ದ. ಕೆಲವು ದಿನ ತದಡಿಯ ಬಂದರಿಗೆ ಮೀನಿನ ಖಾಲಿ ಪೆಟ್ಟಿಗೆ ಒಯ್ಯುತ್ತಿದ್ದ. ಗಾಡಿ ಹೇಳಿದ ಹಾಗೆ ಕೇಳುತ್ತಿತ್ತು, ನಾನೂ ಕೇಳುತ್ತಿದ್ದೆ. ಮನೆಯಲ್ಲಿ ಶಾಂತಿ ಇತ್ತು.

ಆಮೇಲೆ ಮಳೆ ಹಿಡಿಯಿತು. ಮಳೆ ಎಂದರೆ ನಮ್ಮ ಮಾವನವರಿಗೆ ಹಬ್ಬ. ಅವರ ಪ್ರಕಾರ ಜಗತ್ತಿನ ಎಲ್ಲ ಕೇಡಿಗೂ ನೀರೇ ಮೂಲ, ಆ ನೀರಿಗೆ ಪ್ಲಾಸ್ಟಿಕ್ ಕೊಟ್ಟೆಯೇ, ಅಂದರೆ ಪೇಟೆಯಿಂದ ಬರುವ ಚೀಲವೇ, ಮದ್ದು. ಟೀವಿಯ ರಿಮೋಟು ಕೊಟ್ಟೆಯೊಳಗೆ, ರೇಷನ್ ಕಾರ್ಡು ಕೊಟ್ಟೆಯೊಳಗೆ, ಕರೆಂಟಿನ ಮೀಟರು ಕೊಟ್ಟೆಯೊಳಗೆ. ಮನೆಗೆ ಬಂದ ಒಂದು ಕೊಟ್ಟೆಯೂ ಹೊರಗೆ ಹೋದದ್ದಿಲ್ಲ. ತೊಳೆದು, ಒಣಗಿಸಿ, ಮಡಚಿ ಹಾಸಿಗೆಯಡಿ ಇಡುತ್ತಿದ್ದರು. ಮೊದಲ ಮಳೆ ಬಿದ್ದ ದಿನ ಅವರು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಸೀಟಿಗೆ, ಬ್ಯಾಟರಿಗೆ, ಹಾರ್ನಿಗೆ, ಡೀಸೆಲ್ ಟ್ಯಾಂಕಿನ ಬಾಯಿಗೆ, ಹೀಗೆ ಕೈಗೆ ಸಿಕ್ಕಿದ್ದಕ್ಕೆಲ್ಲ ಎರಡೆರಡು ಪದರ ಕೊಟ್ಟೆ ಸುತ್ತಿ, ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಬಿಗಿದು ಕಟ್ಟಿದರು. ಗಾಡಿ ಆಸ್ಪತ್ರೆಯಿಂದ ಡಿಸ್‌ಚಾರ್ಜ್ ಆಗಿ ಬಂದವರ ಹಾಗೆ ಕಾಣುತ್ತಿತ್ತು.

ಹಿರೇಗುತ್ತಿಯಲ್ಲಿ ಮಾವನವರ ತಂಗಿಯ ಮನೆ. ಹೊಸ ಮದುಮಕ್ಕಳು ಎಂದು ನಮ್ಮನ್ನು ಊಟಕ್ಕೆ ಕರೆದಿದ್ದರು. ದೂರದ ದಾರಿ ಎಂದು ಮಾವ ಟ್ಯಾಂಕ್ ಭರ್ತಿ ಮಾಡಿಸಿದರು. ಮುಂದಿನ ಸೀಟಿನಲ್ಲಿ ಗಂಡ, ಮಾವ, ಬಾಗಿಲ ಬದಿಗೆ ನಾನು. ಕುಮಟೆ ದಾಟಿದ್ದೇ ತಡ, ಏರೂ ಇಲ್ಲದ ಇಳಿಜಾರೂ ಇಲ್ಲದ ಸಪಾಟು ರಸ್ತೆಯಲ್ಲಿ ಗಾಡಿ ಎರಡು ಸಲ ಕೆಮ್ಮಿ ನಿಂತುಹೋಯಿತು.

ಗಾಡಿಯಲ್ಲಿ ಡೀಸೆಲ್ ಎಷ್ಟಿದೆ ಎಂದು ತೋರಿಸುವ ಮುಳ್ಳು ಹಿಂದಿನ ಮಾಲೀಕನ ಕಾಲದಲ್ಲೇ ಸತ್ತಿತ್ತು. ಹಾಗಾಗಿ ಎಲ್ಲೇ ನಿಂತರೂ ಮೊದಲ ಶಾಸ್ತ್ರ ಎಂದರೆ ಮಾವ ಇಳಿದು, ಟ್ಯೂಬಿನ ಗಂಟು ಬಿಚ್ಚಿ, ಮುಚ್ಚಳ ತೆಗೆದು, ಬಿದಿರಿನ ಕಡ್ಡಿ ಇಳಿಸಿ, ಎತ್ತಿ ನೋಡಿ, "ಡೀಸೆಲ್ ಉಂಟು" ಎಂದು ಘೋಷಿಸುವುದು. ಆವತ್ತೂ ಘೋಷಿಸಿದರು. ಭರ್ತಿ ಮಾಡಿಸಿದ ಟ್ಯಾಂಕಿನಲ್ಲಿ ಡೀಸೆಲ್ ಇತ್ತು ಎಂಬುದು ಎಲ್ಲರಿಗೂ ಸಮಾಧಾನ ತಂದಿತು. ಆಮೇಲೆ ನನ್ನ ಗಂಡ ಫಿಲ್ಟರಿನ ಹತ್ತಿರದ ಕೈಪಂಪನ್ನು ಒತ್ತಿ ಒತ್ತಿ ಬೆವರಿದ. ಗಾಡಿ ಸ್ಟಾರ್ಟ್ ಆಯಿತು. "ಲೈನಿನಲ್ಲಿ ಗಾಳಿ ಹಿಡ್ದಿತ್ತು" ಎಂದು ಮಾವ ತೀರ್ಪು ಕೊಟ್ಟರು.

ಎರಡನೆಯ ಸಲ ನಿಂತದ್ದು ಹೊನ್ನಾವರದ ಹತ್ತಿರ. ಆವತ್ತೂ ಮುಂದೆ ನಾವೇ ಮೂವರು, ಪಕ್ಕದ ಮನೆಯ ಹಿರಿಯರೊಬ್ಬರು ಹಿಂದೆ ನಿಂತು ಬಂದಿದ್ದರು. ಅವರು ಸರ್ಕಾರಿ ಬಸ್ಸಿನ ಡ್ರೈವರಾಗಿ ನಿವೃತ್ತರಾದವರು. ನಿವೃತ್ತರಾದದ್ದು ಕೆಲಸದಿಂದ ಮಾತ್ರ, ಅಧಿಕಾರದಿಂದಲ್ಲ. ಮಾವ ಕಡ್ಡಿ ಇಳಿಸಿ ಡೀಸೆಲ್ ಉಂಟು ಎಂದ ಕೂಡಲೇ ಅವರು, "ಡೀಸೆಲ್ ಅಲ್ಲ ಮಾರಾಯ, ಬ್ಯಾಟರಿ ಲೂಸು" ಎಂದು ರಸ್ತೆ ಬದಿಯ ಕಲ್ಲು ತೆಗೆದು ಬ್ಯಾಟರಿಯ ಕ್ಲಿಪ್ಪಿಗೆ ನಾಲ್ಕು ಬಿಟ್ಟರು. ಗಾಡಿ ಸ್ಟಾರ್ಟ್ ಆಯಿತು. ಆ ಕಲ್ಲಿನ ಕತೆ ನಮ್ಮ ಬಸ್ ಸ್ಟಾಪಿನಲ್ಲಿ ಬಹಳ ದಿನ ಓಡಿತು, ಗಾಡಿಗಿಂತ ಚೆನ್ನಾಗಿ ಓಡಿತು.

ಮೂರನೆಯ ಸಲಕ್ಕೆ ಅತ್ತೆ ನಿಂಬೆಹಣ್ಣು ಕೊಟ್ಟು ಕಳಿಸಿದ್ದರು. ಮಾವ ಕಡ್ಡಿ ಇಳಿಸಿ ನೋಡಿದ ಮೇಲೆ ಅದನ್ನು ಚಕ್ರದಡಿ ಇಟ್ಟು ಕೈಮುಗಿದರು. ಅದಕ್ಕೂ ಗಾಡಿ ಸ್ಟಾರ್ಟ್ ಆಯಿತು. ಹೀಗೆ ಮಾಡಿದ ಮದ್ದೆಲ್ಲ ನಾಟಿತು, ರೋಗ ಮಾತ್ರ ಹೋಗಲಿಲ್ಲ. ಗಂಡ ಒಂದು ದಿನ ಗಾಡಿಯನ್ನು ಕುಮಟೆಯ ಗ್ಯಾರೇಜಿಗೆ ಒಯ್ದು, ಸಂಜೆ ತಿರುಗಿ ಬಂದು, "ಅವ್ನಿಗೂ ಗೊತ್ತಾಗ್ಲಿಲ್ಲ" ಎಂದು ಹೇಳಿ ಕಾಲು ತೊಳೆಯಲು ಹೋದ.

ಗ್ಯಾರೇಜಿನವನಿಗೆ ಗೊತ್ತಾಗದ್ದು ನಮ್ಮ ಅತ್ತೆಗೆ ಗೊತ್ತಾಯಿತು. ಒಂದು ದಿನ ನಾನು ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿರುವಾಗ, ಜಗುಲಿಯಲ್ಲಿ ಕೂತಿದ್ದ ಮಾವನಿಗೆ ಹೇಳುವ ಹಾಗೆ, ಆದರೆ ನನಗೆ ಕೇಳುವ ಹಾಗೆ ಹೇಳಿದರು. "ಅವ ಒಬ್ಬನೇ ಹೋದ್ರೆ ಗಾಡಿ ಒಂದು ದಿನ ನಿಂತದ್ದಿಲ್ಲ. ಇವ್ಳು ಹತ್ತಿ ಕೂತ್ಳು ಅಂದ್ರೆ ಆತು, ನಿಂತೇ ಹೋತು."

ನಾನು ಹತ್ತಿದಾಗಲೆಲ್ಲ ಮಾವನೂ ಹತ್ತಿರುತ್ತಾರಲ್ಲ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಹೊಸ ಸೊಸೆಗೆ ಲೆಕ್ಕ ಬರಬಾರದು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂದು ಊರವರು ಸುಮ್ಮನಾಗುತ್ತಾರೆ. ನಮ್ಮ ಮನೆಯಲ್ಲಿ ಕಾಗೆಯ ಮೇಲೆ ಕೇಸು ಹಾಕಿದರು. ಕಾಲ್ಗುಣದ ಮಾತು ಬೇಲಿಯಾಚೆಯ ಮನೆಗಳಿಗೂ ಹೋಯಿತು. ಮೊದಲು ಹೊಗಳಿದ ಅದೇ ಬಾಯಿ, ಅದೇ ಬೇಲಿ.

ಆಷಾಢ ಬಂತು. ಮದುವೆಯಾದ ವರ್ಷ ಆಷಾಢಕ್ಕೆ ಹೆಣ್ಣು ತವರಿಗೆ ಹೋಗುವುದು ರೂಢಿ, ಅದರಲ್ಲಿ ಅವಮಾನವೇನಿಲ್ಲ. ತಿಂಗಳು ಮುಗಿದ ಮೇಲೆ ಗಂಡನ ಮನೆಯವರು ಬಂದು ಕರೆದುಕೊಂಡು ಹೋಗುತ್ತಾರೆ. ಆದರೆ ನನಗೆ ಅತ್ತೆ ಹೇಳಿದ್ದು ಬೇರೆಯೇ. "ಹ್ಯಾಂಗೂ ಆಷಾಢ ಅಲ್ವಾ ತಂಗಿ, ತವರಲ್ಲಿ ಆರಾಮಾಗಿ ಇರು. ಗಾಡಿ ಸರಿ ಆತು ಅಂದ್ಮೇಲೆ ಕರ್ಕಂಡು ಬರೂದು ನೋಡ್ವಾ."

ನಮ್ಮ ಕಡೆ 'ನೋಡ್ವಾ' ಎಂದು ಮುಂದೂಡಿದ ಕೆಲಸಗಳು ಎಲ್ಲಿಗೆ ಹೋಗಿ ಸೇರುತ್ತವೆ ಎಂದು ಎಲ್ಲರಿಗೂ ಗೊತ್ತು. ಒಂದು ಹಳೆಯ ಎಂಜಿನ್ನು ರಿಪೇರಿಯಾಗುವ ತನಕ ನಾನು ತವರಲ್ಲಿ ಕೂರಬೇಕು, ಕೇಳಿದವರಿಗೆಲ್ಲ ನನ್ನ ಅಪ್ಪ ಉತ್ತರ ಕೊಡಬೇಕು. ರಾತ್ರಿ ಗಂಡನಿಗೆ, "ನೀವಾದ್ರೂ ಒಂದು ಮಾತು ಹೇಳಿ" ಎಂದೆ. "ಆಯಿ ಹೇಳಿದ ಮೇಲೆ ಎಂತ ಮಾಡೂದು" ಎಂದು ಮಗ್ಗುಲು ತಿರುಗಿ ಮಲಗಿದ.

ಹೊರಟೆವು. ನನ್ನನ್ನು ಬಿಟ್ಟು ಬರಲು ಅದೇ ಗಾಡಿ, ಮತ್ತೆ ಭರ್ತಿ ಟ್ಯಾಂಕು. ಧೋ ಎಂದು ಮಳೆ. ಶರಾವತಿಯ ಸೇತುವೆ ದಾಟಿ, ಅಗಲ ಮಾಡಿ ಮಾಡಿ ಮುಗಿಯದ ಹೆದ್ದಾರಿಯಲ್ಲಿ ಮಂಕಿಯ ಕಡೆ ಹೋಗುವಾಗ ಗಾಡಿ ಕೆಮ್ಮಿತು, ನಿಂತಿತು. ಮಾವ ನನ್ನ ಮುಖ ನೋಡಿದರು. ಪಾಪ, ಬೈಯುವ ನೋಟವಲ್ಲ, ಕನಿಕರದ ನೋಟ. ಬೈದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಮಾವ ಕಡ್ಡಿ ಹಿಡಿದು ಇಳಿದರು. ಮಳೆ ಜೋರಿದ್ದುದರಿಂದ ಆವತ್ತು ಮೊದಲ ಬಾರಿಗೆ ನಾನೂ ಕೊಡೆ ಬಿಡಿಸಿ ಇಳಿದು, ಅವರ ತಲೆಗೆ ಹಿಡಿದು ನಿಂತೆ. ಅವರು ಟ್ಯೂಬಿನ ಗಂಟು ಬಿಚ್ಚಿದರು, ಕೊಟ್ಟೆಯ ಪದರ ಸರಿಸಿದರು, ಮುಚ್ಚಳ ತಿರುವಿದರು. ಒಳಗಿನಿಂದ 'ಸುಯ್ಯ್' ಎಂದು ಸದ್ದು ಬಂತು. ಟ್ಯಾಂಕು ಉಸಿರು ಎಳೆದುಕೊಂಡಿತು.

ನನ್ನ ಅಪ್ಪನದು ಕಿರಾಣಿ ಅಂಗಡಿ. ಮದುವೆಯವರೆಗೂ ಎಣ್ಣೆ ಡಬ್ಬಿಗೆ ತೂತು ಹೊಡೆಯುವುದು ನನ್ನದೇ ಕೆಲಸವಾಗಿತ್ತು. ಒಂದೇ ತೂತು ಹೊಡೆದರೆ ಎಣ್ಣೆ ಗುಳುಕ್ ಗುಳುಕ್ ಎಂದು ಒಂದಿಷ್ಟು ಬಿದ್ದು ನಿಂತುಬಿಡುತ್ತದೆ. ಗಾಳಿ ಒಳಹೋಗಲು ಇನ್ನೊಂದು ತೂತು ಬೇಕು. ಅದನ್ನು ಅರಿಯಲು ಡ್ರೈವಿಂಗ್ ಲೈಸೆನ್ಸ್ ಬೇಡ. ಮಾವನ ಕೈಯಿಂದ ಮುಚ್ಚಳ ತೆಗೆದುಕೊಂಡು ನೋಡಿದೆ. ನಡುವೆ ಸೂಜಿ ತೂರುವಷ್ಟು ಒಂದು ತೂತು ಇತ್ತು, ಗಾಡಿ ಮಾಡಿದವರೇ ಬಿಟ್ಟದ್ದು. ಅದರ ಮೇಲೆ ಮಾವನವರ ಎರಡು ಪದರ ಕೊಟ್ಟೆ, ಸೈಕಲ್ ಟ್ಯೂಬಿನ ಬಿಗಿತ. ಡೀಸೆಲ್ ಖರ್ಚಾದ ಜಾಗಕ್ಕೆ ಗಾಳಿ ಬರದೆ ಗಾಡಿ ನಿಲ್ಲುತ್ತಿತ್ತು. ಟ್ಯಾಂಕು ಭರ್ತಿ ಇದ್ದಷ್ಟೂ ಒಳಗಿನ ಗಾಳಿ ಕಡಿಮೆ, ಅಷ್ಟೂ ಬೇಗ ನಿಲ್ಲುತ್ತಿತ್ತು. ಕಡ್ಡಿ ಇಳಿಸಲು ಮುಚ್ಚಳ ತೆಗೆದ ಕ್ಷಣಕ್ಕೇ ರೋಗ ವಾಸಿಯಾಗುತ್ತಿತ್ತು. ಆಮೇಲಿನ ಪಂಪು, ಕಲ್ಲು, ನಿಂಬೆಹಣ್ಣು ಎಲ್ಲವೂ ವಾಸಿಯಾದ ರೋಗಿಗೆ ಕೊಟ್ಟ ಕಷಾಯ.

"ಮಾವ, ಇವತ್ತು ಬೇರೆ ಎಂತದೂ ಮಾಡ್ಬೇಡಿ. ಸುಮ್ನೆ ಸ್ಟಾರ್ಟ್ ಮಾಡ್ಲಿ ನೋಡ್ವಾ" ಎಂದೆ. ಗಂಡ ಕೀಲಿ ತಿರುವಿದ. ಒಂದೆರಡು ಸಲ ಗೊಣಗಿ ಸ್ಟಾರ್ಟ್ ಆಯಿತು. "ಈಗ ಮೊದ್ಲಿನ ಹಾಗೇ ಬಿಗಿದು ಕಟ್ಟಿ" ಎಂದೆ. ಮಾವ ಕಟ್ಟಿದರು, ಕಟ್ಟು ಎಂದರೆ ಅವರಿಗೆ ಕಾರಣ ಬೇಕಿರಲಿಲ್ಲ. ಸ್ವಲ್ಪ ದೂರ ಹೋಗಿ ಗಾಡಿ ಮತ್ತೆ ನಿಂತಿತು. ಈ ಸಲ ನಾನೇ ಇಳಿದು ಬಿಚ್ಚಿದೆ. ಅದೇ ಸುಯ್ಯ್. "ಕೇಳ್ತಾ ಮಾವ?" ಎಂದೆ. ಮಾವ ಕೇಳಿಸಿಕೊಂಡರು. ಕೊಟ್ಟೆಯ ನೀರು ಕೊಡವಿ, ಮಡಚಿ ಅಂಗಿಯ ಕಿಸೆಗೆ ಹಾಕುತ್ತ, "ಹಳೇ ಗಾಡಿ ತಂಗಿ, ಅದಕ್ಕೆ ಎಂತೆಂತದೋ ಇರ್ತದೆ" ಎಂದರು.

ನಾನು ಗೆದ್ದೆ ಎಂದು ಬೀಗುತ್ತಿದ್ದೆ. ಆದರೆ ಅತ್ತೆಯ ಆ ಒಂದು ಮಾತು ಉಳಿದಿತ್ತು. ಸೀಟಿನಲ್ಲೇ ಕೂತಿದ್ದ ಗಂಡನನ್ನು ಕೇಳಿದೆ. "ಹಾಗಾದ್ರೆ ನೀವು ಒಬ್ಬರೇ ಹೋಗುವಾಗ ಯಾಕೆ ಒಂದು ದಿನವೂ ನಿಲ್ಲಲಿಲ್ಲ? ಆಗಲೂ ಕೊಟ್ಟೆ ಇತ್ತಲ್ಲ?"

ಮಾವ ಹಿಂದೆ ಟಾರ್ಪಾಲು ಸರಿಮಾಡುತ್ತಿದ್ದಾರೆ ಎಂದು ಖಾತ್ರಿ ಮಾಡಿಕೊಂಡು ಅವನು ಹೇಳಿದ. "ಕುಮ್ಟೆ ಗ್ಯಾರೇಜಿನವ ಅವತ್ತೇ ಹೇಳಿದ್ದ, ಮುಚ್ಚಳ ಕಟ್ಬೇಡ ಅಂತ. ಒಬ್ಬನೇ ಹೋಗೋವಾಗ ಬಿಚ್ಚಿಡ್ತಿದ್ದೆ. ಮನೆ ಹತ್ರ ಬಂದು ಕಟ್ತಿದ್ದೆ. ಅದಕ್ಕಿಂತ ಮೊದ್ಲು ಟ್ಯಾಂಕ್ ಅರ್ಧ ಇರ್ತಿತ್ತು, ದಿನಾ ಕಡ್ಡಿ ಇಳಿಸ್ತಿದ್ದೆ, ಹಾಗಾಗಿ ನಿಲ್ಲಲಿಲ್ಲ ಕಾಣ್ತದೆ."

"ಮತ್ತೆ ಮನೆಯಲ್ಲಿ ಯಾಕೆ ಹೇಳ್ಲಿಲ್ಲ?"

"ಅಪ್ಪ ಕಟ್ಟಿದ್ದಲ್ವಾ. ಬೇಜಾರು ಮಾಡ್ಕಂತಾರೆ ಅಂತ."

ಕೊಡೆ ಹಿಡಿದೇ ನಿಂತಿದ್ದೆ, ಆದರೂ ಮೈಯೆಲ್ಲ ತೊಯ್ದುಹೋಗಿತ್ತು. ಅಪ್ಪನಿಗೆ ಒಂದು ಗಳಿಗೆ ಬೇಜಾರಾದೀತು ಎಂದು ಹೆಂಡತಿಯನ್ನು ಮೂಟೆ ಕಟ್ಟಿ ತವರಿಗೆ ಬಿಡಲು ಹೊರಟಿದ್ದ ಮನುಷ್ಯ ಅವನು. ಬೇಲಿಯಾಚೆಯ ಮನೆಗಳು ನನ್ನ ಕಾಲು ನೋಡಿ ಮಾತಾಡಿಕೊಳ್ಳುವಾಗಲೂ ಅವನಿಗೆ ಗೊತ್ತಿತ್ತು. ರಾತ್ರಿ ಮಗ್ಗುಲು ತಿರುಗಿ ಮಲಗುವಾಗಲೂ ಗೊತ್ತಿತ್ತು. ಅತ್ತೆಯ ಮೇಲೆ ನನಗೆ ಬಂದದ್ದು ಸಿಟ್ಟು. ಇವನ ಮೇಲೆ ಬಂದದ್ದು ಹೇಸಿಗೆ.

ಮಾವ ಬಂದು ಹತ್ತಿ ಕೂತು, "ಗಾಡಿ ತಿರ್ಗಿಸು, ಮನೆಗೆ ಹೋಗ್ವಾ" ಎಂದರು. "ಬೇಡ ಮಾವ, ಭಟ್ಕಳಕ್ಕೇ ಬಿಡಿ" ಎಂದೆ. "ಗಾಡಿ ಸರಿ ಆತಲ್ಲ ತಂಗಿ, ಇನ್ನೆಂತ?" ಎಂದು ಅವರು ನಿಜವಾಗಿಯೂ ಅರ್ಥವಾಗದೆ ಕೇಳಿದರು. ನಾನು ಹತ್ತಿ ಬಾಗಿಲು ಎಳೆದುಕೊಂಡೆ. ಗಂಡ ಭಟ್ಕಳದ ಕಡೆಗೇ ಗೇರು ಹಾಕಿದ.

ಶ್ರಾವಣಕ್ಕೆ ಅತ್ತೆಯ ಫೋನು ಬಂತು. "ನಿನ್ನ ಕಾಲ್ಗುಣ ಈಗ ಚಲೋ ಆತು, ಬಾ ತಂಗಿ." ನನ್ನ ಕಾಲು ಮೊದಲಿನದೇ ಇದೆ, ಮಗನನ್ನು ಕಳಿಸಿ ಎಂದೆ. ಅವನು ಬಾಳೆಗೊನೆ ಹಿಡಿದು ಬಂದ. ನಿಮ್ಮ ಅಪ್ಪ ಅಮ್ಮನ ಎದುರು, 'ನನಗೆ ಮೊದಲೇ ಗೊತ್ತಿತ್ತು' ಎಂದು ನೀವೇ ಬಾಯಿಬಿಟ್ಟು ಹೇಳಿ, ಆಮೇಲೆ ಬರುತ್ತೇನೆ ಎಂದೆ. "ಅದೊಂದು ಬಿಟ್ಟು ಬೇರೆ ಎಂತ ಬೇಕಾದ್ರೂ ಕೇಳು" ಎಂದ. ಬೇರೆ ಕೇಳುವಂಥದ್ದು ನನಗೆ ಏನೂ ಇರಲಿಲ್ಲ. ಅವನು ಹೋದ. ಮತ್ತೊಮ್ಮೆ ಸೀರೆ ಹಿಡಿದು ಬಂದ, ಹೋದ. ನನ್ನ ಅಪ್ಪ ಅಂಗಡಿಯಲ್ಲಿ ಗಿರಾಕಿಗಳ ಎದುರು ತಲೆ ತಗ್ಗಿಸಿದ್ದನ್ನು ಕಂಡು ನನಗೂ ಒಂದೆರಡು ಸಲ ಹೋಗಿಬಿಡೋಣ ಅನ್ನಿಸಿತ್ತು. ಹೋಗಲಿಲ್ಲ.

ಕಡೆಗೆ ಒಂದು ದಿನ ಅದೇ ಗಾಡಿಯಲ್ಲಿ ತನ್ನ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಬಂದ. ನಮ್ಮ ಜಗುಲಿಯಲ್ಲಿ ಕೊಟ್ಟ ಚಾ ಆರುವ ತನಕ ಕೂತಿದ್ದು, ನೆಲ ನೋಡುತ್ತ, ತನಗೆ ಮೊದಲೇ ಗೊತ್ತಿತ್ತು ಎಂದು ಹೇಳಿದ. ಮಾವ ಕಪ್ಪು ಕೆಳಗಿಟ್ಟರು. ಅತ್ತೆ ಮಗನ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನಾನು ಒಳಗೆ ಹೋಗಿ ನನ್ನ ಬ್ಯಾಗು ತಂದೆ. ಆ ಒಂದು ಮಾತು ಹೇಳಲು ನನ್ನ ಗಂಡನಿಗೆ ಇಡೀ ಮಳೆಗಾಲ ಬೇಕಾಯಿತು. ಅಷ್ಟು ದಿನವೂ ಗಾಡಿ ಎಲ್ಲೂ ನಿಲ್ಲದೆ ಓಡಿತ್ತು.